ಮಡಿಯ ಮಂಟಪ

ಸೊಸೆ ಮೊಟ್ಟೆ ಬೇಯಿಸಿದಳೆಂದು ಆ ಪಾತ್ರೆಯನ್ನೇ ಇಕ್ಕಳದಲ್ಲಿ ಹಿಡಿದು ಬೀದಿಗೆಸೆದಿದ್ದ ಮಾವ, ದೇವರ ಮಂಟಪಕ್ಕೆ ಬಡಗಿಯ ಕೈ ತಾಗಗೊಡಲಿಲ್ಲ.

"ಥೂ, ಏನೇನು ತಿಂದು ಬಂದಿರ್ತಾರೋ!"

ಹಲಸಿನ ಹಲಗೆಯನ್ನು ತಾವೇ ಆರಿಸಿ, ತಾವೇ ಕೊಯ್ದರು. ಡಬ್ಬದ ಅಂಟಿಗೆ ಏನು ಬೆರೆಸಿರುತ್ತಾರೋ ಎಂದು ಹೇಸಿ, ಹಳೇ ಕಾಲದ ಸರೇಸು ಅಂಟು ತರಿಸಿ, ಮಡಿಯುಟ್ಟು ಅಡುಗೆಮನೆಯಲ್ಲೇ ಕಾಯಿಸಿ ಅಂಟಿಸಿದರು.

ದೇವರನ್ನು ಕೂರಿಸಿ ಮಂಗಳಾರತಿ ಎತ್ತಿದರೂ ಅಂಟಿನ ನಾತ ಹೋಗಲಿಲ್ಲ. ಮೂಗು ಮುಚ್ಚಿಕೊಂಡೇ ಅಂಗಡಿಯವನಿಗೆ ಫೋನ್ ಮಾಡಿದರು.

"ಏನಯ್ಯಾ, ಕೊಳೆತ ಮಾಲು ಕೊಟ್ಟಿದ್ದೀಯ?"

"ಒಳ್ಳೇ ಮಾಲೇ ಸ್ವಾಮಿ. ದನದ ಚರ್ಮ, ಮೂಳೆ ಕುದಿಸಿ ಮಾಡೋದಲ್ವಾ, ಅಷ್ಟು ವಾಸನೆ ಇದ್ದೇ ಇರುತ್ತೆ."

ಸ್ಪೀಕರಿನಲ್ಲಿ ಸೊಸೆಗೂ ಕೇಳಿಸಿತು. ಅವಳು ಒಳಗಿನಿಂದ ಇಕ್ಕಳ ತಂದಳು.

"ಮಾವ, ಅಂಟು ಕಾಯಿಸಿದ ಪಾತ್ರೆ ನಾನು ಎಸೀತೀನಿ. ದೇವರನ್ನ ಏನ್ಮಾಡೋಣ?"