ಉಜ್ಜಿ ಅಳಿಸಿದ ಹೆಸರು

ಇದು ಎಲ್ಲಿಂದಲೋ ಫಾರ್ವರ್ಡ್ ಆಗಿ ಬಂದದ್ದಲ್ಲ... ನನಗೇ ಆದದ್ದು. ನಾಚಿಕೆಯಾದರೂ ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ನನ್ನದೊಂದು ಸಣ್ಣ ವ್ಯಾಪಾರ. ಹಳೆಯ ಹಿತ್ತಾಳೆ, ತಾಮ್ರದ ಸಾಮಾನುಗಳನ್ನು ಗುಜರಿಯಿಂದ ಆರಿಸಿ ತಂದು, ಆನ್‌ಲೈನ್‌ನಲ್ಲಿ ಮಾರುತ್ತೇನೆ.

ಈ ವ್ಯಾಪಾರದಲ್ಲಿ ಮಾರುವುದು ಸುಲಭ... ವಾಪಸ್ ಕಳಿಸುವವರದೇ ತಲೆನೋವು. ಕಂಚಿನ ಗಂಟೆ ಕಳಿಸಿದರೆ ಕಬ್ಬಿಣದ ಗಂಟೆ ವಾಪಸ್ ಬಂದದ್ದಿದೆ. ಗೃಹಪ್ರವೇಶಕ್ಕೆಂದು ದೀಪ ತರಿಸಿಕೊಂಡು, ಹಚ್ಚಿ, ಎಣ್ಣೆ ಜಿಡ್ಡಿನ ಸಮೇತ ಹಿಂದಿರುಗಿಸಿದ ಮಹಾನುಭಾವರೂ ಇದ್ದಾರೆ!

ಹಾಗಾಗಿ ನಾನೂ ಪಳಗಿದ್ದೆ. ಮಾರುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ, ಪ್ಯಾಕ್ ಮಾಡುವಾಗ ವಿಡಿಯೋ... ಯಾರು ತಕರಾರು ತೆಗೆದರೂ ಸಾಕ್ಷಿ ಮುಂದಿಟ್ಟು ಬಾಯಿ ಮುಚ್ಚಿಸುತ್ತಿದ್ದೆ.

ಹೋದ ವರ್ಷ ಒಂದು ಹಿತ್ತಾಳೆ ತಂಬಿಗೆ ಮಾರಿದೆ. ಕೊಂಡವರು ಗದಗಿನ ಸಾವಂತ್ರವ್ವ ಎನ್ನುವವರು.

ತಲುಪಿದ ದಿನವೇ ರಿಟರ್ನ್ ರಿಕ್ವೆಸ್ಟ್ ಬಂತು. ಕಾರಣ: "ಫೋಟೋದಲ್ಲಿ ಇದ್ದ ಹಾಗೆ ಇಲ್ಲ."

ನನಗೆ ಪಿತ್ತ ನೆತ್ತಿಗೇರಿತು. ಆರ್ಡರ್ ಬಂದ ಮೇಲೆ ಆ ತಂಬಿಗೆಯನ್ನು ಒಂದು ಗಂಟೆ ಬಫಿಂಗ್ ಮಷಿನ್‌ಗೆ ಹಿಡಿದಿದ್ದೆ. ಕಪ್ಪು, ಕಲೆ, ಗೀರು ಎಲ್ಲ ತೆಗೆದು ಫಳಫಳ ಹೊಳೆಯುವಂತೆ ಮಾಡಿ ಕಳಿಸಿದ್ದೆ. ಫೋಟೋಗಿಂತ ಚೆನ್ನಾಗಿರುವುದೂ ಒಂದು ತಪ್ಪೇ?

ತಡೆಯಲಾರದೆ ನೇರ ಫೋನ್ ಮಾಡಿದೆ. ಆ ಕಡೆ ವಯಸ್ಸಾದ ದನಿ...

"ಏನಾಗಿದೆ ಅಮ್ಮಾ ಆ ತಂಬಿಗೆಗೆ? ತೂತಿದ್ಯಾ? ಸೋರ್ತಿದ್ಯಾ? ಸುಮ್‌ಸುಮ್ನೆ ರಿಟರ್ನ್ ಹಾಕಿದ್ರೆ ನಾವು ವ್ಯಾಪಾರ ಮಾಡೋದು ಹೇಗೆ ಹೇಳಿ?"

"ಏನೂ ಆಗಿಲ್ರೀ... ಭಾಳ ಚಂದ ಹೊಳಿತೈತಿ."

"ಮತ್ತೆ ಯಾಕೆ ವಾಪಸ್?"

ಅವರು ಮೆಲ್ಲಗೆ ಕೇಳಿದರು...

"ತಂಬಿಗಿ ತಿರುಗಿ ಕಳಿಸಿದ್ರ... ಆ ಫೋಟೋ ಮತ್ತ ಬರತೈತೇನ್ರೀ?"

ನನಗೆ ತಲೆಬುಡ ಅರ್ಥವಾಗಲಿಲ್ಲ. ಮಾರಾಟವಾದ ವಸ್ತುವಿನ ಫೋಟೋ ಆಪ್‌ನಿಂದ ಹೋಗುತ್ತದೆ. ವಸ್ತು ವಾಪಸ್ ಬಂದರೆ ಮತ್ತೆ ಹಾಕುತ್ತೇವೆ. ಈ ಅಜ್ಜಿಗೆ ಫೋಟೋ ಯಾಕೆ?

"ಆ ಫೋಟೋದಾಗ ನಮ್ಮವ್ವನ ಹೆಸರಿತ್ರೀ... ಕಂಠದ ಕೆಳಗ. ಇದರಾಗ ಇಲ್ಲ."

ಸಾಕ್ಷಿಗೆಂದು ಮೊಬೈಲ್‌ನಲ್ಲಿ ಇಟ್ಟುಕೊಂಡಿದ್ದ ಫೋಟೋ ತೆರೆದು, ದೊಡ್ಡದು ಮಾಡಿ ನೋಡಿದೆ...

ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟಿದ, ಸವೆದ ಅಕ್ಷರಗಳು. "ಫಕೀರವ್ವ, ಮುಳಗುಂದ."

ಫೋಟೋ ತೆಗೆದವನು ನಾನೇ. ಆದರೆ ಓದಿರಲಿಲ್ಲ. ಗೀರು ಎಂದುಕೊಂಡು ಉಜ್ಜಿಬಿಟ್ಟಿದ್ದೆ.

ಅಜ್ಜಿ ಮುಂದುವರಿಸಿದರು...

"ಅವ್ವ ಹೋದಾಗ ನಾ ನಾಕ್ ವರ್ಸದಾಕಿ. ಆಕಿ ಮಾರಿ ನೆನಪಿಲ್ಲ... ಒಂದ್ ಫೋಟೋನೂ ಇಲ್ಲ. ನೀರ ಕುಡ್ಯಾಕ ತಂಬಿಗಿ ಹಿಡದಾಗೆಲ್ಲ ಆ ಚುಕ್ಕಿ ಮ್ಯಾಲ ಬೆರಳ ಆಡಸ್ತಿದ್ದೆ. ನನಗ ಅವ್ವ ಅಂದ್ರ ಅಷ್ಟ ನೋಡ್ರೀ."

"ಆಮೇಲೆ?"

"ನಾ ಸಾಲಿಗಿ ಹೋದಾಗ ಮನ್ಯಾಗಿನವ್ರು ಅದನ್ನ ಪಾತ್ರಿ ಮಾರಾವ್ರಿಗೆ ಹಾಕಿಬಿಟ್ರು. ಅರವತ್ತ್ ವರ್ಸ ಆತು... ಎಲ್ಲಿ ಹಳೇ ತಂಬಿಗಿ ಕಂಡ್ರೂ ಕಂಠ ನೋಡತಿದ್ದೆ. ಮೊಮ್ಮಗಳು ಮೊಬೈಲ್‌ನಾಗ ನಿಮ್ಮ ಫೋಟೋ ತೋರಿಸಿದ್ಲು... ಆವತ್ತ ಊಟಾ ಸೇರಲಿಲ್ರೀ ನನಗ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕ್ಷಮೆ ಕೇಳಿ, ಆ ಫೋಟೋವನ್ನು ಕೂಡಲೇ ವಾಟ್ಸಾಪ್‌ನಲ್ಲಿ ಕಳಿಸಿದೆ. ನೋಡಿಕೊಂಡು ಸಮಾಧಾನವಾಗಲಿ ಎಂದು.

ಮಾರನೆಯ ದಿನ ಅವರಿಂದ ಪುಟ್ಟ ವಾಯ್ಸ್ ಮೆಸೇಜ್ ಬಂತು.

"ಫೋಟೋ ನೋಡಿದೆ, ಪುಣ್ಯ ಬರ್ಲಿ ನಿಮಗ... ಆದ್ರ ಬೆರಳಿಗೆ ಏನೂ ಸಿಗವಲ್ದು."

ಆ ಕ್ಷಣವೇ ರಿಟರ್ನ್ ಒಪ್ಪಿಕೊಂಡೆ. ವಾದ ಮಾಡದೆ ಒಪ್ಪಿದ್ದು ಅದೇ ಮೊದಲು.

ತಂಬಿಗೆ ಬಂದ ದಿನವೇ, ಪಾತ್ರೆ ಅಂಗಡಿಗಳಿಗೆ ಹೆಸರು ಕೊರೆದುಕೊಡುವ ದಸ್ತಗೀರ್ ಸಾಹೇಬರ ಹತ್ತಿರ ಓಡಿದೆ. ಅವರು ಎಂದಿನಂತೆ ಕೊರೆಯುವ ಮಷಿನ್ ಎತ್ತಿಕೊಂಡರು. ವಿಷಯ ಹೇಳಿದೆ... ಮಷಿನ್ ಪಕ್ಕಕ್ಕಿಟ್ಟು, ಡಬ್ಬಿಯ ತಳದಿಂದ ಹಳೆಯ ಉಳಿ, ಪುಟ್ಟ ಸುತ್ತಿಗೆ ಹುಡುಕಿ ತೆಗೆದರು.

ಫೋಟೋ ನೋಡುತ್ತಾ ಒಂದೊಂದೇ ಚುಕ್ಕಿ ಕುಟ್ಟಿದರು.

ನಡುವೆ ನಿಲ್ಲಿಸಿ ಕೇಳಿದರು, "ನೋಡಿ ಸ್ವಾಮಿ, ಅವತ್ತಿನವನು ಕೊನೇ ಅಕ್ಷರಕ್ಕೆ ಜಾಗ ಸಾಲ್ದೆ ಸೊಟ್ಟಗೆ ಮೇಲಕ್ಕೆ ಹತ್ತಿಸಿದ್ದಾನೆ. ನೆಟ್ಟಗೆ ಮಾಡ್ಲಾ?"

"ಬೇಡ ಸಾಹೇಬ್ರೇ... ಏನೂ ಸರಿ ಮಾಡ್ಬೇಡಿ. ಹಾಗೇ ಇರ್ಲಿ."

ಅಜ್ಜಿಗೆ ಏನೂ ಹೇಳದೆ ತಂಬಿಗೆಯನ್ನು ಮತ್ತೆ ಗದಗಿಗೆ ಕಳಿಸಿದೆ. ಈ ಸಲ ಪ್ಯಾಕ್ ಮಾಡುವಾಗ ವಿಡಿಯೋ ಮಾಡುವುದೂ ನೆನಪಾಗಲಿಲ್ಲ.

ನಾಲ್ಕು ದಿನ ಫೋನ್ ನೋಡುತ್ತಲೇ ಇದ್ದೆ. ಮೋಸ ಅನ್ನಿಸಿಬಿಟ್ಟರೆ? ನಕಲಿ ಹೆಸರು ಕೊರೆಸಿ ಕಳಿಸಿದ ಎಂದುಕೊಂಡರೆ?

ಐದನೆಯ ದಿನ ಫೋನ್ ಬಂತು. "ಹಲೋ" ಅಂದೆ. ಆ ಕಡೆ ಬರೀ ಉಸಿರು... ಅಜ್ಜಿ ಅಳುತ್ತಿದ್ದರು.

"ಇದು ಅದಲ್ಲ ಅಂತ ನನಗ ಗೊತ್ತೈತೋ ಯಪ್ಪಾ..."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"...ಆದ್ರ ಈ ಬೆರಳಿಗೆ ಗೊತ್ತಾಗಿಲ್ಲ ನೋಡು. ಮುಂಜಾನಿಯಿಂದ ಅವ್ವಾ ಅವ್ವಾ ಅನ್ನಾಕತ್ತೈತಿ."

ಇಬ್ಬರಿಗೂ ಫೋನ್ ಇಡುವುದಕ್ಕೆ ಮನಸ್ಸಾಗಲಿಲ್ಲ...

ಹಳೆಯ ವಸ್ತುವಿಗೆ ಹೊಳಪು ಕೊಡುವ ಮೊದಲು, ಅದರಲ್ಲಿ ಯಾರು ಉಳಿದಿದ್ದಾರೆ ಎಂದು ಒಮ್ಮೆ ನೋಡಿ.

ನಿಮ್ಮ ಅಡುಗೆಮನೆಯ ಅಟ್ಟದ ಮೇಲಿರುವ ಆ ಹಳೆಯ ಪಾತ್ರೆಯಲ್ಲಿ ಯಾರ ಹೆಸರಿದೆ...? ನೀವು ಅದನ್ನು ಕೊನೆಯ ಸಲ ಓದಿದ್ದು ಯಾವಾಗ?