ಕಾರ್ಡಿನ ಹಿಂಬದಿ

ಪ್ರಧಾನ ಸಂಪಾದಕರು ಕೆಂಪು ಪೆನ್ಸಿಲ್ ಹಿಡಿದು ಬಂದದ್ದೇ ತಡ, ಸಹಾಯಕಿ ಕಾರ್ಡಿನ ಪೆಟ್ಟಿಗೆಯ ಮೇಲೆ ಅಂಗೈ ಊರಿದಳು. ಇಂಗ್ಲಿಷ್-ಕನ್ನಡ ನಿಘಂಟಿಗಾಗಿ ‘ರನ್’ ಎಂಬ ಒಂದೇ ಕ್ರಿಯಾಪದಕ್ಕೆ ಅವಳು ನಲವತ್ತು ಅರ್ಥ ಕೂಡಿಹಾಕಿದ್ದಳು. ಓಡುವುದಕ್ಕೊಂದು ಕಾರ್ಡು, ಮೂಗು ಸೋರುವುದಕ್ಕೊಂದು, ಬಟ್ಟೆ ಬಣ್ಣ ಬಿಡುವುದಕ್ಕೊಂದು, ಅಂಗಡಿ ನಡೆಸುವುದಕ್ಕೊಂದು.

“ಓಡು ಅಂತ ಹಾಕಿ ಮುಗಿಸಮ್ಮ. ಒಂದು ಪದಕ್ಕೆ ನಾಲ್ಕು ಪುಟ ಅಂದ್ರೆ ಪ್ರೆಸ್ಸಿನವರು ನನ್ನ ತಲೆ ತಿಂತಾರೆ.”

“ಹತ್ತು ಸಲ ಕಿವಿಗೆ ಬಿದ್ದ ಅರ್ಥ ತೆಗೀಬಾರದು ಅಂತ ನಿಯಮ ಮಾಡಿದೋರು ನೀವೇ, ಸರ್. ಕೇಳಿದಾಗಲೆಲ್ಲ ಕಾರ್ಡಿನ ಹಿಂದೆ ಗೀಟು ಎಳೆದಿದ್ದೀನಿ. ಹತ್ತಕ್ಕಿಂತ ಕಮ್ಮಿ ಇರೋದು ಒಂದು ತೋರಿಸಿ, ನಾನೇ ಹರಿದು ಹಾಕ್ತೀನಿ.” ಅವಳು ಮುಚ್ಚಳ ತೆಗೆದು ಪೆಟ್ಟಿಗೆಯನ್ನು ಅವರ ಮುಂದೆ ನೂಕಿದಳು.

ಅವರು ಕೈಗೆ ಸಿಕ್ಕಿದ ಕಾರ್ಡನ್ನು ಎಳೆದರು. ‘ಐ ಆಮ್ ರನ್ನಿಂಗ್ ಲೇಟ್: ಬರುವುದು ತಡವಾಗು.’ “ಇದನ್ನ ಯಾರು ಹೇಳ್ತಾರೆ?” ಎನ್ನುತ್ತ ತಿರುಗಿಸಿದರು. ಹಿಂಬದಿಯಲ್ಲಿ ಗೀಟುಗಳು ಅಂಚಿನವರೆಗೂ ಒತ್ತೊತ್ತಾಗಿ ನಿಂತಿದ್ದವು. ಮೇಲೆ ಅವಳ ದುಂಡನೆಯ ಅಕ್ಷರ: ‘ಹೇಳಿದವರು ಪ್ರಧಾನ ಸಂಪಾದಕರು. ಮಗಳಿಗೆ, ಫೋನಿನಲ್ಲಿ, ಸಂಜೆ ಐದಕ್ಕೆ.’

ಗಡಿಯಾರದಲ್ಲಿ ಐದಾಗಿತ್ತು. ಅವರ ಜೇಬಿನಲ್ಲಿ ಫೋನ್ ರಿಂಗಾಯಿತು. ಸಹಾಯಕಿ ರೂಢಿಯಂತೆ ತನ್ನ ಪೆನ್ಸಿಲ್ ಎತ್ತಿಕೊಂಡು ಕಾರ್ಡಿಗೆ ಕೈಚಾಚಿದಳು. ಅವರು ಕೊಡಲಿಲ್ಲ. ಅದನ್ನು ಮೊದಲಿದ್ದ ಜಾಗದಲ್ಲೇ ಸಿಕ್ಕಿಸಿ, ಕೆಂಪು ಪೆನ್ಸಿಲನ್ನು ಮೇಜಿನ ಮೇಲಿಟ್ಟು ಫೋನ್ ತೆಗೆದರು.

“ಹೊರಟೆ, ಪುಟ್ಟಿ,” ಎಂದರು.