ಮೂಲ ನೋಡಿ ಹಾಕಿದ ಸಹಿ

ವಿಮಾನ ನಿಲ್ದಾಣದ ದಾಖಲೆ ಅಧಿಕಾರಿ ಹಾಜರಿದ್ದಾರೆಯೇ ಎಂದು ನ್ಯಾಯಾಲಯದ ಜವಾನ ಕೂಗಿದಾಗ, ಕೊನೆಯ ಬೆಂಚಿನಿಂದ ವೃದ್ಧರೊಬ್ಬರು ಊರುಗೋಲು ಹಿಡಿದು ಎದ್ದು ನಿಂತರು.

"ನೀವಾ?" ಎಂದರು ನ್ಯಾಯಾಧೀಶರು.

"ನಾನಲ್ಲ ಸ್ವಾಮಿ, ನನ್ನ ಮಗಳು. ಮಳೆಗಾಲಕ್ಕೆ ಮುಂಚೆ ದೇವರು ಕರೆಸ್ಕೊಂಡ. ಕೊಟ್ಟವನೂ ಅವನೇ. ನಿಮ್ಮ ಸಮನ್ಸ್ ಮನೆಗೆ ಬಂತು. ಕರೆದಾಗ ಯಾರೂ ಹೋಗದಿದ್ರೆ ಚೆನ್ನಾಗಿರಲ್ಲ ಅಂತ ಬಂದೆ."

ಆರೋಪಿಯ ವಕೀಲರಿಗೆ ಬೇಕಾಗಿದ್ದುದೂ ಅದೇ. ಅವರ ಕಕ್ಷಿದಾರ ಸ್ವಂತ ವಿಮಾನವಿದ್ದ ಪೈಲಟ್. ಮಂಜು ಕವಿದಿದೆ, ಹಾರಬೇಡ ಎಂದು ನಿಯಂತ್ರಣ ಗೋಪುರದವರು ಹೇಳಿದರೂ ಕೇಳದೆ ಗಂಡಹೆಂಡಿರಿಬ್ಬರನ್ನು ಕೂರಿಸಿಕೊಂಡು ಹೊರಟು, ಬೇಲಿಗೆ ಬಡಿದು, ಅವರ ಕೈಕಾಲು ಮುರಿಸಿದ್ದ. ತನಗೆ ಯಾರೂ ಬೇಡವೆನ್ನಲಿಲ್ಲ ಎಂಬುದು ಅವನ ವಾದ. ಅದನ್ನು ಸುಳ್ಳೆನ್ನಲು ಇದ್ದದ್ದು ಗೋಪುರಕ್ಕೂ ಪೈಲಟನಿಗೂ ರೇಡಿಯೊದಲ್ಲಿ ನಡೆದ ಮಾತಿನ ದಾಖಲೆಯ ನಕಲು ಮಾತ್ರ. ಮೂಲದೊಡನೆ ಹೋಲಿಸಿ ನೋಡಿದ್ದೇನೆ ಎಂದು ಅದರ ಕೆಳಗೆ ಬರೆದು ಮಗಳು ಸಹಿ ಹಾಕಿದ್ದಳು.

"ಸಹಿ ಹಾಕಿದವರೇ ಇಲ್ಲ," ಎಂದರು ವಕೀಲರು. "ಮೂಲ ನೋಡಿದ್ರೋ, ಕಣ್ಣು ಮುಚ್ಚಿ ಗೀಚಿದ್ರೋ, ಯಾರನ್ನ ಕೇಳ್ಲಿ? ಕಾಗದಕ್ಕೆ ಬಾಯಿದ್ಯಾ?"

ಹಿಂದೆ ಯಾರೋ ನಕ್ಕರು. ವೃದ್ಧರಿಗೂ ನಗು ಬಂತು, ಆದರೆ ಬೇರೆ ಕಾರಣಕ್ಕೆ. ಒಮ್ಮೆ ತಮ್ಮ ಪಿಂಚಣಿ ಕಾಗದದ ನಕಲಿಗೆ ಸಹಿ ಹಾಕಿಸಲು ಮಗಳ ಕಚೇರಿಗೇ ಹೋಗಿದ್ದರು. ಮೂಲ ಎಲ್ಲಿ ಎಂದಳು. ಅದು ಮನೆಯಲ್ಲಿತ್ತು. ಎತ್ತಿ ಆಡಿಸಿದ ಅಪ್ಪನ ಮೇಲೂ ನಂಬಿಕೆಯಿಲ್ಲವೇ ಎಂದು ಇವರು ರೇಗಿದರೆ, "ನಂಬಿಕೆ ಮನೇಲಿ ಅಪ್ಪ. ಇಲ್ಲಿ ಕಣ್ಣಾರೆ ನೋಡ್ಬೇಕು," ಎಂದು ಉರಿಬಿಸಿಲಿನಲ್ಲಿ ಬಂದ ದಾರಿಗೆ ಸುಂಕವಿಲ್ಲದಂತೆ ವಾಪಸ್ಸು ಕಳಿಸಿದ್ದಳು. ಮರುದಿನ ಊಟಕ್ಕೆ ಕೂತಾಗಲೂ ಇವರು ಮುಖ ಊದಿಸಿಕೊಂಡೇ ಇದ್ದರು.

ನ್ಯಾಯಾಧೀಶರು ಕನ್ನಡಕ ಏರಿಸಿ ಕಾಯಿದೆಯ ಪುಸ್ತಕ ತೆರೆದರು. ದಾಖಲೆ ಕಾಯುವ ಹೊಣೆ ಹೊತ್ತವರು ದೃಢೀಕರಿಸಿದ ನಕಲೇ ಸಾಕ್ಷಿ, ಅದು ತಪ್ಪೆಂದು ತೋರಿಸಬೇಕಾದವರು ತಪ್ಪೆನ್ನುವವರು ಎಂದು ವಿವರಿಸಿದರು. ತೋರಿಸಲು ಏನಾದರೂ ಇದೆಯೇ ಎಂದು ಕೇಳಿದರು. ವಕೀಲರು ಪೈಲಟನ ಮುಖ ನೋಡಿದರು. ಪೈಲಟ್ ನೆಲ ನೋಡಿದ.

"ಹಾಗಿದ್ರೆ ಆಕೆ ಬರಬೇಕಾಗಿಲ್ಲ," ಎಂದರು ನ್ಯಾಯಾಧೀಶರು. "ಓದಿ."

ಗುಮಾಸ್ತ ಓದತೊಡಗಿದ. ಕವಿದ ಮಂಜು, ಹಾರಬೇಡವೆಂದ ಗೋಪುರ, ಕೇಳಿಸಿತು ಎಂದ ಪೈಲಟ್, ಒಂದೊಂದೇ ಸಾಲಾಗಿ ಹೊರಬಂದವು. ಜವಾನ ವೃದ್ಧರ ಭುಜ ಮುಟ್ಟಿ, "ನಿಮ್ಮ ಕೆಲಸ ಆಯ್ತು ತಾತ, ಕೂತ್ಕೊಳ್ಳಿ," ಎಂದು ಪಿಸುಗುಟ್ಟಿದ.

ವೃದ್ಧರು ಕೋಲನ್ನು ಬಿಗಿಹಿಡಿದು ಬೆನ್ನು ನೆಟ್ಟಗೆ ಮಾಡಿದರು.

"ಇರಪ್ಪ. ನನ್ನ ಮಗಳು ಹೇಳಿ ಮುಗಿಸ್ಲಿ."